ಅಪ್ಪನಿಗೆ ಕೇಳಿಸಿದ ಸದ್ದು

ಚನ್ನರಾಯಪಟ್ಟಣದ ಮದುವೆ ಛತ್ರದ ಮುಂದೆ ಕಾರು ನಿಲ್ಲಿಸಿ ಅಪ್ಪನ ಕೈ ಹಿಡಿದು ಇಳಿಸಿದಾಗ, ಅವರ ಬಿಳಿ ಷರಟಿನ ಹೆಗಲ ಮೇಲೆ ಡಾಂಬರಿನ ಎರಡು ಹನಿಗಳಿದ್ದವು. ನಾನು ಕರವಸ್ತ್ರದಿಂದ ಒರೆಸಿದೆ, ಅದು ಅಂಗೈ ಅಗಲಕ್ಕೆ ಹರಡಿತು. ಬಾಗಿಲಲ್ಲಿ ನಿಂತಿದ್ದ ಸೋದರತ್ತೆ ಹತ್ತಿರ ಬಂದವರೇ, "ಇದೇನಣ್ಣಾ, ರಸ್ತೆ ಕೆಲಸದ ವಾಸನೆ ಬತ್ತಾ ಐತೆ?" ಎಂದರು. ಅಪ್ಪ ಶಲ್ಯವನ್ನು ಆ ಹೆಗಲಿಗೆ ಎಳೆದುಕೊಂಡು ಒಳಗೆ ನಡೆದರು. ಏಪ್ರಿಲ್ ತಿಂಗಳ ಸೆಕೆಯಲ್ಲಿ, ಊಟ ಮುಗಿಯುವವರೆಗೂ ಆ ಶಲ್ಯ ತೆಗೆಯಲಿಲ್ಲ. ನನ್ನ ಮಾನ ಮುಚ್ಚುವುದಕ್ಕೆ ಅವರು ಬೆವರುತ್ತ ಕೂತಿದ್ದರು. ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತಿದ್ದ ನನಗೆ ತುತ್ತು ಇಳಿಯಲಿಲ್ಲ.

ಆ ಡಾಂಬರು ಬಿದ್ದದ್ದು ನನ್ನ ಕಾರಿನ ಚಾವಣಿಯಿಂದ. ಅಂಟಿಸಿದವನು ನಾನೇ, ಅದೂ ಅಪ್ಪನಿಗೋಸ್ಕರ.

ಅಪ್ಪ 30 ವರ್ಷ ಊರಿನಲ್ಲಿ ಅಕ್ಕಿ ಗಿರಣಿ ನಡೆಸಿದವರು. ಆ ಗದ್ದಲ ಅವರ ಕಿವಿಯನ್ನು ನಿಧಾನಕ್ಕೆ ತಿಂದಿತ್ತು. ಎದುರು ಕೂತು ಮಾತಾಡಿದರೆ ಅರ್ಧ ಕಿವಿಯಿಂದ, ಅರ್ಧ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು. ಬೆಂಗಳೂರಿನಿಂದ ಊರಿಗೆ ಹೋಗುವ ಸುಮಾರು 150 ಕಿಲೋಮೀಟರು ಮಾತ್ರ ನಾವಿಬ್ಬರೂ ಮೂಕರು. ನಾನು ಕೊಂಡದ್ದು ಬೇರೆಯವರು ಓಡಿಸಿ ಬಿಟ್ಟ ಸಣ್ಣ ಕಾರು. ನೆಲಮಂಗಲ ದಾಟಿ ವೇಗ 80 ಮುಟ್ಟುತ್ತಿದ್ದಂತೆ ಒಳಗೆಲ್ಲ ಗುಂಯ್ ಎನ್ನುವ ಸದ್ದು. ಅಪ್ಪ ಆರಾಮಾಗಿ ಕಾಲು ಚಾಚಲಿ ಎಂದು ಅವರನ್ನು ಹಿಂದಿನ ಸೀಟಿನ ಎಡಗಡೆ ಕೂರಿಸುತ್ತಿದ್ದೆ. ನಾನು ಕೂಗಬೇಕು, ಅವರು "ಆಂ?" ಎನ್ನಬೇಕು. ಕುಣಿಗಲ್ ಬರುವ ಹೊತ್ತಿಗೆ ಇಬ್ಬರೂ ಸುಮ್ಮನಾಗುತ್ತಿದ್ದೆವು.

ಒಂದು ಸಲ ಎಡೆಯೂರಿನಲ್ಲಿ ಕಾಫಿಗೆ ನಿಂತಾಗ ಅಪ್ಪ ಹೇಳಿದ್ದರು, "ಹಿಂದ್ಗಡೆ ಬೇರಿಂಗ್ ಹೋಗೈತೆ ಕಣ್ಲಾ. ಬಲಕ್ಕೆ ಹೊರಳ್ದಾಗ ಸದ್ದು ಜಾಸ್ತಿ ಆಯ್ತದೆ. ನೋಡ್ಸು."

"ಇಲ್ಲಪ್ಪ, ಕಾರೇ ಅಂಥದ್ದು. ತಗಡು ತೆಳು," ಎಂದೆ. ಕಿವಿ ಕೇಳದವರು ಸದ್ದಿನ ವಿಷಯ ಹೇಳುತ್ತಿದ್ದಾರಲ್ಲ ಎಂದು ಮನಸ್ಸಿನೊಳಗೆ ಅಂದುಕೊಂಡೆ. ಇದನ್ನು ಬರೆಯಲು ನನಗೆ ಈಗಲೂ ನಾಚಿಕೆಯಾಗುತ್ತದೆ.

ತೆಳು ತಗಡಿಗೆ ಡ್ಯಾಂಪಿಂಗ್ ಶೀಟ್ ಎಂಬ ಮದ್ದಿದೆ ಎಂದು ಗೊತ್ತಾದ ಮೇಲೆ ಜೆ.ಸಿ. ರೋಡಿನ ಅಂಗಡಿಗಳನ್ನು ಸುತ್ತಿದೆ. ಒಳ್ಳೆಯ ಶೀಟೆಂದರೆ ಮೇಲೆ ಅಲ್ಯೂಮಿನಿಯಂ ಹಾಳೆ, ಕೆಳಗೆ ಸುಮಾರು 2 ಮಿಲಿಮೀಟರ್ ದಪ್ಪದ ಅಂಟಂಟಾದ ಬ್ಯೂಟೈಲ್ ರಬ್ಬರು. ತಗಡು ನಡುಗಿದಾಗ ಮೇಲಿನ ಹಾಳೆ ಬಿಗಿ ಹಿಡಿಯುತ್ತದೆ, ನಡುವಿನ ರಬ್ಬರು ಜಗ್ಗಾಡಿ ಆ ನಡುಕವನ್ನು ಅಷ್ಟಷ್ಟೇ ಶಾಖವಾಗಿ ಕರಗಿಸುತ್ತದೆ. ಅದಕ್ಕೇ ಇಡೀ ತಗಡು ಮುಚ್ಚಬೇಕಾಗಿಲ್ಲ. ಬೆರಳಿಂದ ತಟ್ಟಿ ನೋಡಿ, ಟಣ್ ಎನ್ನುವ ನಡುಭಾಗಕ್ಕೆ, ಅಂದಾಜು ಕಾಲು ಭಾಗಕ್ಕೆ ಅಂಟಿಸಿದರೂ ಸದ್ದು ಡಬ್ ಎಂದು ಸಾಯುತ್ತದೆ. ಗಾಳಿಯಲ್ಲಿ ಬರುವ ಸದ್ದಿಗೆ ಈ ಶೀಟು ಹೆಚ್ಚು ಕೆಲಸ ಮಾಡುವುದಿಲ್ಲ. ಅದನ್ನು ಹೀರಲು ಫೋಮು ಬೇಕು, ತಡೆಯಲು ಭಾರವಾದ ವಿನೈಲ್ ಹಾಸು ಬೇಕು. ಅಂಗಡಿಯವರು ಇಷ್ಟೆಲ್ಲ ಬಿಡಿಸಿ ಹೇಳಿ, "ನಿಮಗೆ ಯಾವ ಸದ್ದು ಸರ್ ತೊಂದರೆ?" ಎಂದು ಕೇಳಿದರು. "ಎಲ್ಲಾ ಸದ್ದೂ," ಎಂದೆ.

ಕೊನೆಗೆ ಅವರಲ್ಲಿ ಕೊಳ್ಳಲೂ ಇಲ್ಲ. ಮನೆ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ, ಸೋರುವ ತಾರಸಿಗೆ ಅಂಟಿಸುವ ಡಾಂಬರು ಪಟ್ಟಿಯ ಸುರುಳಿಗಳಿದ್ದವು. ಅದೇ ಬೆಳ್ಳಿ ಬಣ್ಣ, ಅದೇ ಕರಿ ಅಂಟು, ಬೆಲೆ ಅರ್ಧಕ್ಕೂ ಕಡಿಮೆ. ಉಳಿದ ದುಡ್ಡಿನಲ್ಲಿ ಕಾರಿಗೆಲ್ಲ ಹಾಕಬಹುದು ಎಂದು ಲೆಕ್ಕ ಹಾಕಿ ನಾಲ್ಕು ಸುರುಳಿ ತಂದೆ.

ಎರಡು ಭಾನುವಾರ ಹಿಡಿಯಿತು. ಡೋರ್ ಪ್ಯಾಡ್ ಕೀಳುವಾಗ ಕ್ಲಿಪ್ಪುಗಳು ಮುರಿದವು. ತಗಡಿನ ಜಿಡ್ಡನ್ನು ಬರೀ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅಂಟು ಹಿಡಿಯಬೇಕಾದರೆ ಜಿಡ್ಡು ಪೂರ್ತಿ ಹೋಗಬೇಕು, ರೋಲರಿನಿಂದ ಒತ್ತಿ ಒತ್ತಿ ಒಳಗಿನ ಗಾಳಿ ತೆಗೆಯಬೇಕು. ನಾನು ಅಂಗೈಯಲ್ಲಿ ಸವರಿ ಮುಂದೆ ಹೋದೆ. ಬಾಗಿಲು, ನೆಲ, ಚಾವಣಿ, ಒಂದಿಂಚೂ ಬಿಡಲಿಲ್ಲ. ಬಾಗಿಲ ತಳದಲ್ಲಿ ಸಣ್ಣ ರಂಧ್ರಗಳು ಕಂಡವು. ಇಲ್ಲಿಂದಲೇ ಸದ್ದು ನುಗ್ಗುವುದು ಎಂದು ಅವನ್ನೂ ಮುಚ್ಚಿದೆ. ಮಳೆ ನೀರು ಕಿಟಕಿ ಗಾಜಿನ ಸಂದಿಯಿಂದ ಬಾಗಿಲೊಳಕ್ಕೆ ಇಳಿದೇ ಇಳಿಯುತ್ತದೆ, ಅದು ಹೊರಹೋಗಲೆಂದೇ ಆ ರಂಧ್ರಗಳನ್ನು ಬಿಟ್ಟಿರುತ್ತಾರೆ. ಇದು ತಿಳಿದದ್ದು ಮಳೆ ಬಂದ ಮೇಲೆ, ಬ್ರೇಕು ಒತ್ತಿದಾಗಲೆಲ್ಲ ಬಾಗಿಲೊಳಗೆ ತುಂಬಿದ ಬಿಂದಿಗೆ ತುಳುಕಿದ ಹಾಗೆ ಕೇಳಿಸತೊಡಗಿದಾಗ.

ಕೆಲಸ ಮುಗಿದ ದಿನ ಬಾಗಿಲು ಹಾಕಿದರೆ ದಪ್ಪನೆಯ ಸದ್ದು. ಅದನ್ನೇ ನಾಲ್ಕು ಸಲ ಹಾಕಿ ತೆಗೆದು ಸಂತೋಷಪಟ್ಟೆ. ಹೆದ್ದಾರಿಗೆ ಹೋದರೆ ಗುಂಯ್ ಎನ್ನುವುದು ಹಾಗೇ ಇತ್ತು. ಕಮ್ಮಿಯಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೆಂಡತಿಗೂ ಹಾಗೇ ಹೇಳಿದೆ. ಅಪ್ಪನನ್ನು ಮಾತ್ರ ಕೇಳಲಿಲ್ಲ. ಬಿಸಿಲಿಗೆ ನಿಂತ ಕಾರಿನ ಚಾವಣಿ 60 ಡಿಗ್ರಿ ದಾಟುವುದುಂಟು. ಡಾಂಬರು ಮೆತ್ತಗಾಗಿ, ಜಾರಿ, ಹಿಂದಿನ ಸೀಟಿನ ಮೇಲಿನ ಹಿಡಿಕೆಯ ಸಂದಿಯಿಂದ ಇಣುಕಿತ್ತು. ಕೆಳಗೆ ಅಪ್ಪನ ಹೆಗಲಿತ್ತು.

ಮದುವೆ ಮುಗಿಸಿ ಬಂದ ಮೇಲೆ ಕಾರನ್ನು ಮೆಕ್ಯಾನಿಕ್ ಹತ್ತಿರ ಒಯ್ದೆ. ಅಪ್ಪನೂ ಬಂದರು. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ಬಂದು, ಹಿಂದಿನ ಎಡಚಕ್ರಕ್ಕೆ ಜ್ಯಾಕ್ ಕೊಟ್ಟು, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತ ಇನ್ನೊಂದು ಕೈಯನ್ನು ಸ್ಪ್ರಿಂಗ್ ಮೇಲೆ ಇಟ್ಟರು. ನನ್ನ ಕೈಯನ್ನೂ ಎಳೆದು ಅಲ್ಲಿಟ್ಟರು. ಜೋಳ ಬೀಸುವ ಕಲ್ಲಿನ ಹಾಗೆ ಗರಗರ. "ಬೇರಿಂಗ್ ಸರ್. ಇಷ್ಟು ದಿನ ಹೆಂಗ್ ಓಡ್ಸಿದ್ರಿ? ಇನ್ನೂ ಬಿಟ್ಟಿದ್ರೆ ಚಕ್ರಾನೇ ಸಡಿಲ ಆಗೋದು." ಬಲಕ್ಕೆ ಹೊರಳಿದಾಗ ಕಾರಿನ ಭಾರ ಎಡಚಕ್ರಗಳ ಮೇಲೆ ಬೀಳುತ್ತದೆ, ಸದ್ದು ಹೆಚ್ಚುತ್ತದೆ. ಅಪ್ಪ ಹೇಳಿದ್ದು ಅಕ್ಷರಶಃ ಅದನ್ನೇ.

ಗಿರಣಿಯಲ್ಲಿ ಅಪ್ಪ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಮನೆಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ ದೃಶ್ಯ ನನಗೆ ಚಿಕ್ಕಂದಿನಿಂದ ಗೊತ್ತು. ಗದ್ದಲದಲ್ಲಿ ಕೆಟ್ಟ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸದ್ದುಗಳನ್ನು. ಮಾತಿನಲ್ಲಿ ಸ, ಶ, ತ ಅಕ್ಷರಗಳು ಜಾರಿಹೋಗುತ್ತವೆ, ದಪ್ಪ ಗುಂಯ್‌ಕಾರ ಉಳಿದಿರುತ್ತದೆ. ನನ್ನ ಮಾತು ಸರಿಯಾಗಿ ಕೇಳದ ಅಪ್ಪನಿಗೆ, ತಾವು ಕೂತ ಸೀಟಿನ ಪಕ್ಕದಲ್ಲೇ ಸವೆಯುತ್ತಿದ್ದ ಚಕ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಎಚ್ಚರಿಸುತ್ತಿದ್ದ ಆ ಸದ್ದನ್ನು ಅಡಗಿಸಲು ನಾನು ಎರಡು ಭಾನುವಾರ ದುಡಿದೆ. ಅದರ ಪಕ್ಕದಲ್ಲೇ ಅವರನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಓಡಿಸಿದೆ. ರಾತ್ರಿ ಇದು ನೆನಪಾದರೆ ಎದ್ದು ಕೂರುತ್ತೇನೆ.

ಬೇರಿಂಗ್ ಬದಲಿಸಿದ್ದು ಅದೇ ಮಧ್ಯಾಹ್ನ. ಡಾಂಬರು ಕೆರೆದು ತೆಗೆಯಲು ಒಂದು ತಿಂಗಳೇ ಹಿಡಿಯಿತು. ಆಮೇಲೆ ಜೆ.ಸಿ. ರೋಡಿಗೆ ಮತ್ತೆ ಹೋಗಿ, ತಟ್ಟಿ ನೋಡಿ, ಬಾಗಿಲುಗಳಿಗೆ ಬೇಕಾದ ನಾಲ್ಕೇ ತುಂಡು ಬ್ಯೂಟೈಲ್ ಹಾಕಿದೆ. ತಳದ ರಂಧ್ರಗಳನ್ನು ಮುಟ್ಟಲಿಲ್ಲ.

ಈಗ ಅಪ್ಪ ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಸ್ವಲ್ಪ ಚೆನ್ನಾಗಿ ಕೇಳುವ ಅವರ ಬಲಗಿವಿ ನನ್ನ ಕಡೆಗಿರುತ್ತದೆ. ನಾನು 70 ದಾಟುವುದಿಲ್ಲ. ಹೋದ ತಿಂಗಳು ಬೆಳ್ಳೂರು ಕ್ರಾಸ್ ದಾಟಿದ ಮೇಲೆ, ಗಿರಣಿ ಮಾರಿದ ದಿನದ ಕಥೆ ಹೇಳುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿ, "ಕಾಲಡಿ ಏನೋ ಟಿಕ್ ಟಿಕ್ ಅಂತೈತಲ್ಲ?" ಎಂದರು. ನನಗೇನೂ ಕೇಳಿಸುತ್ತಿರಲಿಲ್ಲ. ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಇಳಿದು, ಒಂದೊಂದೇ ಚಕ್ರದ ಮೇಲೆ ಕೈಯಾಡಿಸಿದೆ. ಮುಂದಿನ ಎಡ ಟೈರಿನ ಸಂದಿಯಲ್ಲಿ ಬೆಣಚುಕಲ್ಲೊಂದು ಸಿಕ್ಕಿಕೊಂಡಿತ್ತು. ಕೀಲಿಕೈಯಿಂದ ಮೀಟಿ ತೆಗೆದು ಅಪ್ಪನ ಅಂಗೈಯಲ್ಲಿಟ್ಟೆ. ಅವರು ಅದನ್ನು ಕಿಟಕಿಯಿಂದಾಚೆ ಎಸೆದು, ಕಥೆಯನ್ನು ಬಿಟ್ಟಲ್ಲಿಂದ ಮುಂದುವರಿಸಿದರು.