ಕೂಡುಬಾಳಿನ ಹೊಣೆ

ಹೊಣೆಯೆಂಬ ಮಾತು ನಮ್ಮ ನುಡಿಯಲ್ಲಿ ಎರಡು ಬಗೆಯಾಗಿ ನಡೆಯುತ್ತದೆ. ಒಬ್ಬನು ಹೊಣೆಯನ್ನು ಹೊರುತ್ತಾನೆ; ಇನ್ನೊಬ್ಬನು ಅದನ್ನು ಮತ್ತೊಬ್ಬರ ಮೇಲೆ ಹೊರಿಸುತ್ತಾನೆ. ತಕ್ಕಡಿಯಲ್ಲಿಟ್ಟರೆ ಎರಡರ ತೂಕವೂ ಒಂದೇ ಆದೀತು. ಹೆಗಲಿಗೆ ಮಾತ್ರ ಅದರ ಅಂತರ ಚೆನ್ನಾಗಿ ತಿಳಿಯುತ್ತದೆ. ಹತ್ತಾರು ಜನ ಒಂದೇ ನೆಲವನ್ನು ಉತ್ತು, ಒಂದೇ ಒಲೆಯ ಅನ್ನವನ್ನು ಉಣ್ಣುವಲ್ಲಿ ಈ ಅಂತರವು ದಿನದಿನವೂ ಅನುಭವಕ್ಕೆ ಬರುವಂಥದು.

ಕಾಸರಗೋಡಿನ ಒಳನಾಡಿನಲ್ಲಿ, ಗುಡ್ಡದ ತಪ್ಪಲಿನ ಒಂದು ಅಡಿಕೆ ತೋಟದಲ್ಲಿ, ನಾವು ಐದು ಮನೆಯವರು ಕೂಡಿ ಬಾಳುತ್ತಿದ್ದೇವೆ. ನಮ್ಮಲ್ಲಿ ಕೆಲವರು ಹಗಲು ಶಾಲೆಯಲ್ಲಿ ಪಾಠ ಹೇಳುವವರು. ಉಳಿದವರು ಮಣ್ಣನ್ನೇ ನಂಬಿದವರು. ತೋಟದ ಉತ್ಪತ್ತಿ ಒಂದೇ ಪೆಟ್ಟಿಗೆಗೆ ಸೇರುತ್ತದೆ. ಅವರವರ ಅಗತ್ಯಕ್ಕೆ ತಕ್ಕಂತೆ ಅಲ್ಲಿಂದಲೇ ವೆಚ್ಚವಾಗುತ್ತದೆ. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದ ಸುರಂಗದಿಂದ ಬೆರಳು ಗಾತ್ರದ ನೀರು ಇಳಿದು ಕೆರೆಯಲ್ಲಿ ನಿಲ್ಲುತ್ತದೆ. ಆ ಬೆರಳು ಗಾತ್ರದ ನೀರೇ ಬೇಸಿಗೆಯಲ್ಲಿ ನಮ್ಮೆಲ್ಲರ ಜೀವಾಳ.

ಮೊದಲು ನಮ್ಮ ಪಾಲಿಗೆ ಬಂದದ್ದು ಈ ಕೆರೆಯನ್ನು ನೋಡಿಕೊಳ್ಳುವ ಕೆಲಸ. ಕೆಲವು ವರ್ಷಗಳ ಬಳಿಕ ಕೊಳೆರೋಗದ ಔಷಧಿಯನ್ನು ಸಿದ್ಧಪಡಿಸುವ ಕೆಲಸವೂ ಕೂಡಿಕೊಂಡಿತು. 1 ಕಿಲೋ ಮೈಲುತುತ್ತನ್ನು 50 ಲೀಟರು ನೀರಿನಲ್ಲಿಯೂ 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರು ನೀರಿನಲ್ಲಿಯೂ ಬೇರೆ ಬೇರೆಯಾಗಿ ಕದಡಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಮೆಲ್ಲಗೆ ಸುರಿಯಬೇಕು. ಹೊಳೆಯುವ ಕಬ್ಬಿಣದ ಚೂರಿಯನ್ನು ಅದರಲ್ಲಿ ಅದ್ದಿ ನೋಡಬೇಕು. ಅಲಗಿಗೆ ತಾಮ್ರದ ಕೆಂಬಣ್ಣ ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಮಳೆಗಾಲದ ಮೊದಲೊಮ್ಮೆ, ಸುಮಾರು 40–45 ದಿನ ಕಳೆದು ಇನ್ನೊಮ್ಮೆ ಇದನ್ನು ಗೊನೆಗಳಿಗೆ ಸಿಂಪಡಿಸಬೇಕು. ಕೆಲಸವೇನೋ ಸಣ್ಣದೇ. ಆದರೆ ಆ ಚೂರಿಯನ್ನು ಅದ್ದಿ ನೋಡುವ ಒಂದು ಗಳಿಗೆಯ ತಾಳ್ಮೆಯಲ್ಲಿ ಐದು ಮನೆಗಳ ಒಂದು ವರ್ಷದ ಅನ್ನವಿದೆಯೆಂಬುದನ್ನು ಅಲ್ಲಿ ಕಲಿತೆವು.

ದೊಡ್ಡ ಹೊಣೆ ಬಂದದ್ದು ಆಮೇಲೆ. ನಾವೆಲ್ಲರೂ ಅಜ್ಜನೆಂದೇ ಕರೆಯುವ ಹಿರಿಯರ ಬಳಿ ಉಗ್ರಾಣದ ಬೀಗದಕೈಯೂ ಲೆಕ್ಕದ ಪುಸ್ತಕವೂ ಇದ್ದವು. ಅವರ ಕಣ್ಣು ಮಂಜಾದಾಗ, ಒಂದು ರಾತ್ರಿ ಊಟವಾದ ಮೇಲೆ, “ಮಾಷ್ಟ್ರೇ, ಇದು ಇನ್ನು ನಿಮ್ಮಲ್ಲಿರಲಿ,” ಎಂದು ಬೀಗದಕೈಯನ್ನು ನಮ್ಮ ಮುಂದಿಟ್ಟರು. ನಾವು ಒಡನೆಯೇ ಕೈಚಾಚಲಿಲ್ಲ. ಬೀಗದಕೈ ಒಬ್ಬನ ಸೊಂಟದಲ್ಲಿ ನೆಲೆಸಿತೆಂದರೆ ಉಳಿದವರ ಕಣ್ಣು ಉಗ್ರಾಣದ ಕಡೆಗೆ ಹೊರಳುವುದು ನಿಲ್ಲುತ್ತದೆ. ಕ್ರಮೇಣ ಒಬ್ಬನು ಯಜಮಾನನಾಗಿ, ಉಳಿದವರು ಆಳುಗಳಾಗುತ್ತಾರೆ. ಆದುದರಿಂದ ವಾರಕ್ಕೊಮ್ಮೆ ಎಲ್ಲರೆದುರು ಲೆಕ್ಕವನ್ನು ಓದಿ ಹೇಳುವುದು, ಲೆಕ್ಕ ಬರೆಯಲು ಕಿರಿಯರೊಬ್ಬರನ್ನು ಜೊತೆಗಿರಿಸಿಕೊಳ್ಳುವುದು ಎಂಬ ಎರಡು ಮಾತುಗಳಿಗೆ ಎಲ್ಲರೂ ಒಪ್ಪಿದ ಮೇಲೆಯೇ ಅದನ್ನು ತೆಗೆದುಕೊಂಡೆವು.

ಆ ವರ್ಷವೇ ಅದರ ಪರೀಕ್ಷೆಯೂ ಆಯಿತು. ಒಂದು ಮನೆಯ ತಾಯಿಗೆ ಶಸ್ತ್ರಚಿಕಿತ್ಸೆಯಾಗಬೇಕಾಗಿತ್ತು. ಪೆಟ್ಟಿಗೆಯಲ್ಲಿದ್ದ ಹಣ ಸಾಲದು. ಉಗ್ರಾಣದಲ್ಲಿ ಅಡಿಕೆ ಇತ್ತು. ಇನ್ನೆರಡು ತಿಂಗಳು ಇಟ್ಟರೆ ಬೆಲೆ ಏರೀತೆಂದು ಕೆಲವರು. ಬೆಲೆಗಾಗಿ ಕಾಯಿಲೆ ಕಾಯುವುದೇ ಎಂದು ಕೆಲವರು. “ಬೀಗದಕೈ ನಿಮ್ಮಲ್ಲಿದೆ, ನೀವು ಹೇಳಿದಂತಾಗಲಿ,” ಎಂದು ಎರಡು ಕಡೆಯವರೂ ನಮ್ಮ ಮುಖ ನೋಡಿದರು. ನಿರ್ಧಾರವನ್ನು ನಮ್ಮ ಮೇಲೆ ಹೊರಿಸಿ ಹಗುರಾಗುವ ದಾರಿ ಅದು. ನಾವು ಪುಸ್ತಕವನ್ನು ನಡುವೆ ಬಿಡಿಸಿಟ್ಟು, ಇದ್ದುದೆಷ್ಟು, ಬೇಕಾದುದೆಷ್ಟು, ಮಾರಿದರೆ ಮುಂದಿನ ಮಳೆಗಾಲಕ್ಕೆ ಯಾವುದರಲ್ಲಿ ಕಡಿತವಾಗುವುದು ಎಂಬುದನ್ನೆಲ್ಲ ಓದಿ ಹೇಳಿ, ಮಾರುವುದೇ ಸರಿಯೆಂಬ ನಮ್ಮ ಅಭಿಪ್ರಾಯವನ್ನೂ ಮುಚ್ಚಿಡದೆ ತಿಳಿಸಿ, ಒಬ್ಬೊಬ್ಬರ ಬಾಯಿಂದಲೂ ಉತ್ತರ ಬರುವವರೆಗೆ ಕುಳಿತೆವು. ನಡುರಾತ್ರಿ ದಾಟಿತು. ಕೊನೆಗೆ ಎಲ್ಲರೂ ಮಾರೋಣವೆಂದರು. ಆ ತಾಯಿ ಗುಣವಾಗಿ ಮನೆಗೆ ಬಂದರು. ಅಡಿಕೆಯ ಬೆಲೆಯೂ ಅನಂತರ ಏರಿತು. ಆದರೆ ಆ ಮಾತನ್ನೆತ್ತಿ ಹಂಗಿಸಿದವರು ಒಬ್ಬರೂ ಇಲ್ಲ. ನಿರ್ಧಾರ ಎಲ್ಲರದಾಗಿದ್ದಾಗ ನಷ್ಟವೂ ಎಲ್ಲರದಾಗಿತ್ತು.

ಇದು ನಾವು ಕಂಡುಹಿಡಿದ ಹೊಸ ತತ್ತ್ವವೇನೂ ಅಲ್ಲ. 1910ರಲ್ಲಿ ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನಿಂದ 21 ಮೈಲಿ ದೂರದಲ್ಲಿ ಗಾಂಧೀಜಿಯವರು ಟಾಲ್‌ಸ್ಟಾಯ್ ಫಾರಂ ನಡೆಸತೊಡಗಿದರು. ಅವರ ಗೆಳೆಯ, ವಾಸ್ತುಶಿಲ್ಪಿ ಹರ್ಮನ್ ಕಾಲೆನ್‌ಬಾಕರು ತಮ್ಮ 1,100 ಎಕರೆ ನೆಲವನ್ನು ಸತ್ಯಾಗ್ರಹಿಗಳ ಕುಟುಂಬಗಳಿಗಾಗಿ ಬಿಟ್ಟುಕೊಟ್ಟಿದ್ದರು. ಅಲ್ಲಿ ಆಳುಗಳಿರಲಿಲ್ಲ, ಅಡುಗೆಯಿಂದ ಮಲ ಹೂಳುವವರೆಗಿನ ಎಲ್ಲ ಕೆಲಸವೂ ಅಲ್ಲಿದ್ದವರದೇ. ನೆಲವನ್ನು ಕೊಟ್ಟ ಕಾಲೆನ್‌ಬಾಕರೇ ತೋಟಗೆಲಸದ ಹೊಣೆ ಹೊತ್ತು ಮಕ್ಕಳೊಡನೆ ಮಣ್ಣು ಅಗೆದರು. ಪಾದರಕ್ಷೆ ಮಾಡುವುದನ್ನು ಕಲಿತು ಬಂದು ಉಳಿದವರಿಗೆ ಕಲಿಸಿದರು. ಗುರುಗಳು ತಾವು ಮಾಡದ ಕೆಲಸವನ್ನು ಮಕ್ಕಳಿಗೆ ಹೇಳಕೂಡದೆಂಬುದು ಅಲ್ಲಿನ ಕಟ್ಟಳೆ. ಹೊಣೆ ಹೆಚ್ಚಿದವನಿಗೆ ಕೆಲಸವೂ ಹೆಚ್ಚುತ್ತಿತ್ತೇ ಹೊರತು ಬಿಡುವು ಹೆಚ್ಚುತ್ತಿರಲಿಲ್ಲ.

ಗಡಿನಾಡಿನ ಅಧ್ಯಾಪಕರಾದ ನಮಗೆ ಆ ಶಾಲೆಯ ಇನ್ನೊಂದು ಸಂಗತಿ ಬಹಳ ಹತ್ತಿರದ್ದು. ಅಲ್ಲಿ ಹಿಂದಿ, ತಮಿಳು, ಗುಜರಾತಿ, ಉರ್ದು ನಾಲ್ಕನ್ನೂ ಕಲಿಸುತ್ತಿದ್ದರು. ಮಕ್ಕಳಿಗೆ ಅವರವರ ತಾಯ್ನುಡಿಯಲ್ಲಿಯೇ ಪಾಠ. ಆ ನೆಲದಲ್ಲೇ ಹುಟ್ಟಿ ಬೆಳೆದ ತಮಿಳು ಹುಡುಗರಿಗೆ ತಮ್ಮ ನುಡಿಯ ಲಿಪಿಯೇ ತಿಳಿಯದು. ತಮಗಿದ್ದ ಅಲ್ಪ ತಮಿಳಿನಿಂದಲೇ ಗಾಂಧೀಜಿ ಅವರಿಗೆ ಅಕ್ಷರವನ್ನೂ ವ್ಯಾಕರಣವನ್ನೂ ಹೇಳಿಕೊಟ್ಟರು. ಮಾತಿನಲ್ಲಿ ಶಿಷ್ಯರೇ ಗುರುವಿಗಿಂತ ಮೇಲು. ಇಂಗ್ಲಿಷು ಬಾರದ ತಮಿಳರು ಬಂದಾಗ ಆ ಹುಡುಗರೇ ಗುರುವಿಗೆ ದುಭಾಷಿಗಳಾಗುತ್ತಿದ್ದರು. ಪೂರ್ಣ ಯೋಗ್ಯತೆ ಬಂದ ಮೇಲೆ ಹೊಣೆ ಹೊರುವೆನೆಂದು ಅವರು ಕಾದು ಕುಳಿತಿದ್ದರೆ ಆ ಮಕ್ಕಳ ಅಕ್ಷರಾಭ್ಯಾಸದ ಗತಿ ಏನಾಗುತ್ತಿತ್ತು?

ಆ ಫಾರಂ 1913ರವರೆಗೆ ಮಾತ್ರ ನಡೆಯಿತು. ಕೂಡುಬಾಳು ಎಷ್ಟು ವರ್ಷ ಬಾಳಿತೆಂಬುದಕ್ಕಿಂತ ಅದರಲ್ಲಿ ಎಷ್ಟು ಹೆಗಲುಗಳು ಗಟ್ಟಿಯಾದವೆಂಬುದು ಮುಖ್ಯವೆಂದು ನಮಗೆ ತೋರುತ್ತದೆ. ಈಗ ನಮ್ಮ ತೋಟದಲ್ಲಿ ಔಷಧಿ ಕದಡುವವಳು ಹತ್ತನೆಯ ತರಗತಿ ಮುಗಿಸಿದ ಹುಡುಗಿ. ನಾವು ಪಕ್ಕದಲ್ಲಿ ನಿಂತಿರುತ್ತೇವೆ. ಚೂರಿಯನ್ನು ಅದ್ದಿ ನೋಡುವವಳು ಅವಳೇ. ಸುಣ್ಣ ಸಾಕೇ ಎಂದು ಅವಳು ನಮ್ಮ ಮುಖ ನೋಡಿದರೆ ನಾವು ಉತ್ತರ ಕೊಡುವುದಿಲ್ಲ. ಅವಳು ಮತ್ತೆ ಅಲಗನ್ನೇ ನೋಡುತ್ತಾಳೆ.