ತಿಂಗಳಿಗೊಂದು ಮಿಲಿಮೀಟರ್

ನಮ್ಮ ವಿಭಾಗದ ಬಾಗಿಲ ಮೇಲೆ ‘ಆರ್ಥೊಡಾಂಟಿಕ್ಸ್ ಅಂಡ್ ಡೆಂಟೊಫೇಶಿಯಲ್ ಆರ್ಥೊಪೀಡಿಕ್ಸ್’ ಎಂದು ಬರೆದಿತ್ತು. ಅಷ್ಟುದ್ದದ ಹೆಸರನ್ನು ಪೂರ್ತಿ ಓದಿಕೊಂಡು ಒಳಗೆ ಬಂದ ರೋಗಿಯನ್ನು ನಾನು ಕಾಣೆ. ಕನ್ನಡದಲ್ಲಿ ವಕ್ರದಂತ ಚಿಕಿತ್ಸೆ ಅನ್ನುವ ಮಾತಿದೆ. ಅದನ್ನೂ ಯಾರೂ ಬಳಸುವುದಿಲ್ಲ. ‘ಹಲ್ಲಿಗೆ ಕ್ಲಿಪ್ ಹಾಕೋದು ಇಲ್ಲೇನಾ?’ ಎಂದು ಕೇಳುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ‘ಎಷ್ಟು ದಿನ ಆಗುತ್ತೆ?’

2018ರಲ್ಲಿ ಎಂಡಿಎಸ್ ಓದಲು ವಿರಾಜಪೇಟೆಗೆ ಬಂದಾಗ ನನಗೆ ಮೊದಲು ಸಿಕ್ಕಿದ್ದು ರೋಗಿಯಲ್ಲ, ತಂತಿ. ಮೊದಲ ತಿಂಗಳುಗಳೆಲ್ಲ ಇಕ್ಕಳ ಹಿಡಿದು ಸ್ಟೀಲ್ ತಂತಿ ಬಗ್ಗಿಸುವುದೇ ಕೆಲಸ. ಚೌಕ, ವೃತ್ತ, ಕಮಾನು, ಕುಣಿಕೆ. ಬಗ್ಗಿಸಿದ್ದನ್ನು ಗಾಜಿನ ಮೇಲಿಟ್ಟರೆ ಎಲ್ಲೂ ಏಳಬಾರದು. ತೋರುಬೆರಳಿನಲ್ಲಿ ಗಂಟು ಕಟ್ಟಿತು. ಆಮೇಲೆ ಟೈಪೊಡಾಂಟ್. ಮೇಣದ ದವಡೆಯಲ್ಲಿ ಲೋಹದ ಹಲ್ಲುಗಳನ್ನು ಅಡ್ಡಾದಿಡ್ಡಿ ಕೂರಿಸಿ, ತಂತಿ ಕಟ್ಟಿ ಬಿಸಿನೀರಿಗೆ ಇಳಿಸಿದರೆ ಮೇಣ ಕರಗಿ ಹಲ್ಲುಗಳು ಕಣ್ಣೆದುರೇ ಸರಿಯುತ್ತವೆ. ಕೆಲವೇ ನಿಮಿಷದ ಕೆಲಸ.

ಬಾಯಿಯೊಳಗೆ ಬಿಸಿನೀರಿಲ್ಲ. ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಸುಮಾರು ಕಾಲು ಮಿಲಿಮೀಟರಿನ ನಾರಿನ ಪದರವಿದೆ. ತಂತಿ ಒತ್ತಿದ ಕಡೆ ಮೂಳೆಯನ್ನು ತಿನ್ನುವ ಕಣಗಳು ಬಂದು ಜಾಗ ಬಿಡಿಸುತ್ತವೆ, ಎಳೆದ ಕಡೆ ಮೂಳೆ ಕಟ್ಟುವ ಕಣಗಳು ಬಂದು ಜಾಗ ತುಂಬುತ್ತವೆ. ಹಲ್ಲನ್ನು ಸರಿಸುವುದು ದೇಹವೇ. ತಂತಿಯದು ಸೂಚನೆ ಮಾತ್ರ. ಜೋರು ಮಾಡಿದರೆ ಬೇಗ ಆಗುವುದಿಲ್ಲ. ಪದರ ಜಜ್ಜಿ ರಕ್ತ ನಿಂತು ಕೆಲಸವೇ ತಡವಾಗುತ್ತದೆ. ಎಲ್ಲ ಸರಿಯಿದ್ದರೆ ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್.

ಹೀಗಾಗಿ ಒಂದು ಕೇಸು ಮುಗಿಯಲು ಸುಲಭವಾಗಿ ಎರಡು ವರ್ಷ ಬೇಕು. ನಮ್ಮ ಕೋರ್ಸು ಮೂರು ವರ್ಷ. ತಂತಿ, ಟೈಪೊಡಾಂಟ್, ಥೀಸಿಸ್ಸಿನ ಸಿನಾಪ್ಸಿಸ್, ಮೊದಲ ವರ್ಷದ ಕೊನೆಯ ಪಾರ್ಟ್ ಒನ್ ಪರೀಕ್ಷೆ, ಇವುಗಳ ನಡುವೆಯೇ ಕೇಸುಗಳನ್ನು ಶುರು ಮಾಡಬೇಕು. ತಡವಾಗಿ ಶುರುವಾದದ್ದು ಜೂನಿಯರ್ ಕೈಗೆ ಹೋಗುತ್ತದೆ. ರೋಗಿಗೆ ಮಧ್ಯದಲ್ಲಿ ಡಾಕ್ಟರು ಬದಲು. 1900ರಲ್ಲಿ ಎಡ್ವರ್ಡ್ ಆ್ಯಂಗಲ್ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಇದೊಂದೇ ವಿಷಯಕ್ಕೆ ಶಾಲೆ ತೆರೆದಾಗ ಅಲ್ಲಿನ ಕೋರ್ಸು ಕೆಲವೇ ವಾರಗಳದ್ದು. ಶುರುವಾದ ಕೇಸು ಮುಗಿಯುವುದನ್ನು ಆ ವಿದ್ಯಾರ್ಥಿಗಳು ಶಾಲೆಯಲ್ಲಿ ಕಂಡಿರಲಾರರು. ನಮಗೆ ಕಾಣಲು ಸಿಗುತ್ತದೆ, ಆದರೆ ಸ್ವಲ್ಪದರಲ್ಲಿ.

ಆ ವರ್ಷದ ಕೊನೆಯಲ್ಲಿ ಮಾಕುಟ್ಟದಿಂದ ಪಿಯುಸಿ ಓದುವ ಒಬ್ಬ ಹುಡುಗಿ ಬಂದಳು, ಜೊತೆಗೆ ಅವಳ ಅಮ್ಮ. ಮಾಕುಟ್ಟ ಕರ್ನಾಟಕದ ಕೊನೆ. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ, ಬ್ರಹ್ಮಗಿರಿ ಕಾಡಿನ ಘಾಟಿಯಿಳಿದರೆ ಚೆಕ್‌ಪೋಸ್ಟು. ಮುಂದೆ ಕೂಟುಪುಳ ಸೇತುವೆ, ಅದರಾಚೆ ಕೇರಳ. ಹುಡುಗಿಗೆ ಉಬ್ಬುಹಲ್ಲು. ಕೋರೆಹಲ್ಲುಗಳಿಗೆ ಸಾಲಿನಲ್ಲಿ ಜಾಗವಿಲ್ಲದೆ ಮೇಲೆ ನಿಂತಿದ್ದವು. ತುಟಿ ಮುಚ್ಚಲು ಗದ್ದ ಬಿಗಿಹಿಡಿಯಬೇಕು. ಎಕ್ಸ್‌ರೇ ಮೇಲೆ ಕಾಗದ ಹಾಸಿ ಗೆರೆ ಎಳೆದು ಕೋನ ಅಳೆದೆ. ನಾವು ಹೋಲಿಸಿ ನೋಡುವ ಸ್ಟೈನರ್ ಅಳತೆಗಳಲ್ಲಿ ಮೇಲ್ದವಡೆಯ ಕೋನ 82 ಡಿಗ್ರಿ ಇರಬೇಕು. ಅದು ಬಿಳಿಯ ಅಮೆರಿಕನ್ನರ ಮುಖದಿಂದ ಬಂದ ಲೆಕ್ಕ. ‘ಅಂಕಿ ನೋಡು, ಆಮೇಲೆ ಅವಳ ಅಮ್ಮನ ಮುಖವನ್ನೂ ನೋಡು’ ಎಂದರು ನಮ್ಮ ಗೈಡ್. ಎರಡನ್ನೂ ನೋಡಿದ ಮೇಲೂ ನಾಲ್ಕು ಹಲ್ಲು ತೆಗೆಯದೆ ದಾರಿಯಿರಲಿಲ್ಲ.

ಹಲ್ಲು ತೆಗೆಯಬೇಕೇ ಬೇಡವೇ ಎಂಬುದು ಈ ಶಾಸ್ತ್ರದ ಹಳೇ ಜಗಳ. ತೆಗೆಯಲೇಬಾರದು ಎಂದವನು ಆ್ಯಂಗಲ್. ಅವನ ಶಿಷ್ಯ ಚಾರ್ಲ್ಸ್ ಟ್ವೀಡ್ ಗುರುವಿನ ನಿಯಮದಂತೆ ಮಾಡಿ ಕೆಟ್ಟ ಕೇಸುಗಳನ್ನೇ ಮತ್ತೆ ಕರೆಸಿ, ಹಲ್ಲು ತೆಗೆಸಿ, ಸರಿಮಾಡಿ ತೋರಿಸಿದ. ಈ ವಾದವೆಲ್ಲ ನನಗೆ ಬಾಯಿಪಾಠವಾಗಿತ್ತು. ಹುಡುಗಿಯ ಅಮ್ಮ ಕೇಳಿದ್ದು ಬೇರೆಯೇ.

‘ಡಾಕ್ಟ್ರೇ, ನಾಲ್ಕು ಒಳ್ಳೇ ಹಲ್ಲು ಕೀಳ್ತೀರಿ, ಸರಿ. ಆಮೇಲೆ ರೋಡ್ ಹೋದ್ರೆ? ಆ ಸಂದು ಹಾಗೇ ಉಳಿಯೋದಲ್ವ?’

ಅವರು ಸುಮ್ಮನೆ ಕೇಳಿದ್ದಲ್ಲ. ಆ ಜೂನ್‌ನಲ್ಲಿ ಮಾಕುಟ್ಟ ಘಾಟಿಯಲ್ಲಿ ಸಾಲಾಗಿ ಗುಡ್ಡ ಕುಸಿದು ವಾರಗಟ್ಟಲೆ ಸಂಚಾರ ನಿಂತಿತ್ತು. ಅವರದು ದಿನಗೂಲಿ. ಮಗಳ ಜೊತೆ ವಿರಾಜಪೇಟೆಗೆ ಬಂದ ದಿನದ ಕೂಲಿ ಇಲ್ಲ. ತಿಂಗಳಿಗೊಮ್ಮೆ, ಎರಡು ವರ್ಷ. ಈ ಪ್ರಶ್ನೆಗೆ ಯಾವ ಪಠ್ಯಪುಸ್ತಕದಲ್ಲೂ ಅಧ್ಯಾಯವಿಲ್ಲ.

ಗೈಡ್ ನನಗೆ ಚಿಕಿತ್ಸೆಯ ಯೋಜನೆಯನ್ನು ಮತ್ತೆ ಬರೆಯಲು ಹೇಳಿದರು, ಈ ಸಲ ಕ್ಯಾಲೆಂಡರ್ ಮುಂದಿಟ್ಟುಕೊಂಡು. ಹಲ್ಲು ತೆಗೆಯುವುದು ಮಳೆ ಪೂರ್ತಿ ಬಿಟ್ಟ ಮೇಲೆ. ಸಾಲು ನೇರ ಮಾಡುವುದು ಬೇಸಿಗೆ ಮುಗಿಯುವುದರೊಳಗೆ. ಮೇ ಕೊನೆಗೆ ಎಲ್ಲ ಎಳೆತ ಬಿಚ್ಚಿ, ಗಟ್ಟಿ ಸ್ಟೀಲ್ ತಂತಿ ಹಾಕಿ, ತುದಿ ಮಡಚಿ, ಹಲ್ಲುಗಳನ್ನು ಇದ್ದಲ್ಲೇ ಕಟ್ಟಿಬಿಡುವುದು. ಎರಡು ತಿಂಗಳು ಬರದಿದ್ದರೂ ಏನೂ ಕೆಡಬಾರದು. ಕೈಗೆ ಮೇಣದ ಡಬ್ಬಿ. ತಂತಿ ಚುಚ್ಚಿದರೆ ಮೆತ್ತಿಕೊಳ್ಳಲು. ಮಳೆ ನಿಂತ ಮೇಲೆ ಸಂದು ಮುಚ್ಚುವುದು.

2019ರ ಆಗಸ್ಟ್‌ನಲ್ಲಿ ಮಳೆ ಮತ್ತೆ ಮುಗಿಬಿತ್ತು. ನಮ್ಮ ತಾಲ್ಲೂಕಿನ ತೋರದಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು. ಹುಡುಗಿ ಏಳೆಂಟು ವಾರ ಬರಲಿಲ್ಲ. ಬಂದಾಗ ಬಾಯಿ ನಾವು ಕಟ್ಟಿದಂತೆಯೇ ಇತ್ತು. ಏನೂ ಆಗದಿದ್ದುದನ್ನು ಕಂಡು ಅಷ್ಟು ಖುಷಿಪಟ್ಟದ್ದು ನನಗೆ ಅದೇ ಮೊದಲು.

ಮಳೆಗೆ ತಿಂಗಳ ಲೆಕ್ಕವಿದೆ. 2020ರ ಮಾರ್ಚ್‌ಗೆ ಇರಲಿಲ್ಲ. ಬಸ್ಸು ನಿಂತಿತು, ಗಡಿ ಮುಚ್ಚಿತು, ಹಲ್ಲಿನ ಆಸ್ಪತ್ರೆಗಳು ತುರ್ತು ಚಿಕಿತ್ಸೆಗೆ ಮಾತ್ರ ತೆರೆದವು. ಅವಳ ಬಾಯಲ್ಲಿ ಆಗ ಸಂದು ಮುಚ್ಚುವ ಸ್ಪ್ರಿಂಗುಗಳಿದ್ದವು, ನಿಕಲ್-ಟೈಟಾನಿಯಂನವು. ಈ ಲೋಹ ತನ್ನ ಮೊದಲಿನ ಆಕಾರವನ್ನು ಮರೆಯುವುದಿಲ್ಲ. ನಾವು ನೋಡಲಿ ಬಿಡಲಿ, ಒಂದೇ ಸಮನೆ ಎಳೆಯುತ್ತಿರುತ್ತದೆ. ಅದೇ ಅದರ ಗುಣ. ಆ ನಾಲ್ಕು ತಿಂಗಳು ಅದೇ ನನ್ನ ಭಯವೂ ಆಯಿತು. ಅವಳು ಮೊಬೈಲಿನಲ್ಲಿ ಫೋಟೋ ಕಳಿಸುತ್ತಿದ್ದಳು. ಸಿಗ್ನಲ್ ಇರುವ ಜಾಗಕ್ಕೆ ಹೋದ ದಿನ ನಾಲ್ಕೈದು ಒಟ್ಟಿಗೆ ಬರುತ್ತಿದ್ದವು. ಫೋಟೋದಲ್ಲಿ ಸಂದು ಕಿರಿದಾಗುವುದು ಕಾಣುತ್ತಿತ್ತು. ಬೇರು ಎತ್ತ ವಾಲುತ್ತಿದೆ ಎಂಬುದು ಕಾಣುತ್ತಿರಲಿಲ್ಲ.

ಜುಲೈನಲ್ಲಿ ಬಂದಳು. ಸಂದು ಮುಚ್ಚಿತ್ತು. ಮುಂದಿನ ಹಲ್ಲುಗಳು ಒಳಕ್ಕೆ ವಾಲಿ ಮೇಲಿನವು ಕೆಳಗಿನವನ್ನು ಮುಚ್ಚತೊಡಗಿದ್ದವು. ನೆಟ್ಟಗೆ ಮಾಡಲು ಮತ್ತೆ ಐದಾರು ತಿಂಗಳು ಬೇಕಾಯಿತು. ಅವಳ ಅಮ್ಮ ಲೆಕ್ಕ ಹಾಕಿ, ‘ಇನ್ನೂ ಆರು ಕೂಲಿ’ ಎಂದರು. ಅದರಲ್ಲಿ ದೂರು ಇರಲಿಲ್ಲ. ಒಂದು ಕೂಲಿಗೆ ಒಂದು ಮಿಲಿಮೀಟರ್ ಎಂಬ ದರ ನನಗೆ ಆಗ ತಿಳಿಯಿತು.

2021ರಲ್ಲಿ, ನಾನು ಕಾಲೇಜು ಬಿಡುವ ಮೊದಲೇ, ಬ್ರಾಕೆಟ್ಟುಗಳನ್ನು ತೆಗೆದೆವು. ಪರೀಕ್ಷೆಗೆ ಮುಗಿದ ಕೇಸುಗಳನ್ನು ಸಾಲಾಗಿ ಜೋಡಿಸಿಡಬೇಕು: ಮೊದಲಿನ ಅಚ್ಚು, ಮಧ್ಯದ್ದು, ಕೊನೆಯದು, ಫೋಟೋ, ಎಕ್ಸ್‌ರೇ. ಅವಳದು ನನ್ನ ಸಾಲಿನಲ್ಲಿ ಅತ್ಯಂತ ಚೆಂದದ್ದಲ್ಲ. ಪರೀಕ್ಷಕರು ಚಿಕಿತ್ಸೆಯ ಅವಧಿ ನೋಡಿ, ಇಷ್ಟು ಹಿಡಿಯಿತೇಕೆ ಎಂದರು. ರಸ್ತೆ ಎಂದೆ. ಒಬ್ಬರು ನಕ್ಕರು. ಇನ್ನೊಬ್ಬರು ಮೇ ತಿಂಗಳ ತಂತಿಯ ಬಗ್ಗೆ ವಿವರವಾಗಿ ಕೇಳಿದರು.

ತಂತಿ ಬಿಚ್ಚಿದ ಮೇಲೂ ಹಲ್ಲುಗಳು ಹಳೇ ಜಾಗಕ್ಕೆ ಹೊರಡುತ್ತವೆ. ಅದಕ್ಕೇ ಒಳಗಡೆ ತೆಳ್ಳನೆಯ ತಂತಿ ಅಂಟಿಸುತ್ತೇವೆ, ರಾತ್ರಿ ಹಾಕಿಕೊಳ್ಳಲು ಪ್ಲೇಟು ಕೊಡುತ್ತೇವೆ. ಡಾಕ್ಟರು ಮಾಡುವ ಭಾಗ ಅಲ್ಲಿಗೆ ಮುಗಿಯಿತು. ಈಗ ಹೊಸ ಕೇಸಿನ ಹಾಳೆಯಲ್ಲಿ ವಯಸ್ಸು, ಕಚ್ಚು, ಕೋನಗಳ ಕೆಳಗೆ ನಾನು ಇನ್ನೊಂದು ಸಾಲು ಬರೆದುಕೊಳ್ಳುತ್ತೇನೆ: ಊರು, ಬಸ್ಸು, ಮಳೆಗಾಲದಲ್ಲಿ ದಾರಿ ಇರುತ್ತದೆಯೇ. ಎಷ್ಟು ದಿನ ಆಗುತ್ತೆ ಎಂದು ಕೇಳಿದವರಿಗೆ ಆ ಸಾಲು ತುಂಬಿದ ಮೇಲೆಯೇ ಉತ್ತರ ಹೇಳುತ್ತೇನೆ.