ಅತಿಭಾರಾರೋಪಣ: ಎತ್ತಿನ ಹೆಗಲಿನಿಂದ ಕಾರಿನ ಕೊಂಡಿಯವರೆಗೆ

ಶ್ರಾವಕನು ಕೈಗೊಳ್ಳುವ ಪಂಚಾಣುವ್ರತಗಳಲ್ಲಿ ಮೊದಲನೆಯದು ಅಹಿಂಸಾಣುವ್ರತ. ಈ ವ್ರತಕ್ಕೆ ಕಳಂಕ ತರುವ ಐದು ಅತಿಚಾರಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸಿದ್ದಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಛೇದಿಸುವುದು, ಶಕ್ತಿ ಮೀರಿದ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು ಎಂಬಿವೇ ಆ ಐದು. ನಾಲ್ಕನೆಯದಕ್ಕೆ ಅತಿಭಾರಾರೋಪಣವೆಂದು ಹೆಸರು. ಪಾಠಶಾಲೆಯಲ್ಲಿ ಇದನ್ನು ಕಲಿಸುವಾಗ ಎತ್ತು, ಕೋಣ, ಕುದುರೆಗಳ ಉದಾಹರಣೆ ಕೊಡುವುದು ವಾಡಿಕೆ. ಇಂದು ನಮ್ಮಲ್ಲಿ ಬಹುಪಾಲು ಮನೆಗಳ ಕೊಟ್ಟಿಗೆಯಲ್ಲಿ ಎತ್ತುಗಳಿಲ್ಲ. ಆದ್ದರಿಂದ ಈ ಅತಿಚಾರವು ನಮ್ಮನ್ನು ಮುಟ್ಟುವುದಿಲ್ಲವೆಂಬ ಒಂದು ನಿಶ್ಚಿಂತೆ ನಮ್ಮಲ್ಲಿ ಬೆಳೆದಿದೆ. ಆ ನಿಶ್ಚಿಂತೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ವಿಚಾರಮಾಡುವ ಪ್ರಸಂಗವೊಂದು ನಮ್ಮ ಟ್ರಸ್ಟಿನ ಸಭೆಯಲ್ಲಿ ಒದಗಿಬಂದಿತು.

ದಾವಣಗೆರೆಯಿಂದ ಹರಿಹರದ ಕಡೆಗೆ ಮುನಿಸಂಘವೊಂದರ ವಿಹಾರ ನಿಶ್ಚಯವಾಗಿತ್ತು. ಎರಡು ಊರುಗಳ ನಡುವಣ ಅಂತರ ಸುಮಾರು 14 ಕಿಲೋಮೀಟರು. ಒಂದು ದಿನದ ನಡಿಗೆಗೆ ಹದವಾದ ದೂರ. ಅಲ್ಲಿಂದ ಮುಂದೆ ತುಂಗಭದ್ರೆಯ ಸೇತುವೆ ದಾಟಿ ರಾಣೆಬೆನ್ನೂರಿನ ದಾರಿ. ಚೌಕದ ಸಾಮಗ್ರಿ ಸಾಗಿಸಲು ಪ್ರತಿ ಬಾರಿಯೂ ಬಾಡಿಗೆ ಲಾರಿ ಹಿಡಿಯುವ ಬದಲು, ಸದಸ್ಯರೊಬ್ಬರ ಮಧ್ಯಮ ಗಾತ್ರದ ಕ್ರಾಸೋವರ್ ಕಾರಿನ ಹಿಂದೆ ಕಟ್ಟಿ ಎಳೆಯಬಹುದಾದ ಚಿಕ್ಕ ಟ್ರೇಲರ್ ಒಂದನ್ನು ಟ್ರಸ್ಟ್ ಕೊಳ್ಳಬೇಕೆಂಬ ಸೂಚನೆ ಬಂದಿತು. ಸೂಚನೆ ತಂದ ತರುಣನ ಉತ್ಸಾಹ ಮೆಚ್ಚತಕ್ಕದ್ದೇ ಆಗಿತ್ತು. ಭಾರದ ಮಾತೆತ್ತಿದಾಗ ಅವನು, “ಇಂಜಿನ್ನಿಗೆ ಶಕ್ತಿ ಇದೆ ಕಾಕಾ, ಇದರ ಎರಡರಷ್ಟು ಹೇರಿದರೂ ಎಳೆಯುತ್ತದೆ” ಎಂದನು.

ಎಳೆಯುತ್ತದೆ ಎಂಬುದು ದಿಟ. ಆದರೆ ನಿಲ್ಲುತ್ತದೆಯೇ? ಸಭೆಯಲ್ಲಿಯೇ ಕಾಗದ ಹಿಡಿದು ಲೆಕ್ಕ ಹಾಕಿದೆವು. 200 ಲೀಟರಿನ ಎರಡು ನೀರಿನ ಡ್ರಮ್ಮು 400 ಕಿಲೋ. ಅಕ್ಕಿ, ಗೋಧಿ, ಬೇಳೆಗಳ 25 ಕಿಲೋ ತೂಕದ ಆರು ಚೀಲ 150 ಕಿಲೋ. ತುಂಬಿದ ಎರಡು ಗ್ಯಾಸ್ ಸಿಲಿಂಡರು ಸುಮಾರು 60 ಕಿಲೋ. ಪಾತ್ರೆ, ಒಲೆ, ಶಾಮಿಯಾನ ಸೇರಿ 190 ಕಿಲೋ. ಒಟ್ಟು 800 ಕಿಲೋ. ಟ್ರೇಲರಿನ ಸ್ವಂತ ತೂಕ 250 ಕಿಲೋ ಎಂದಿಟ್ಟುಕೊಂಡರೆ ಕಾರಿನ ಬೆನ್ನಿಗೆ ಬೀಳುವುದು ಒಂದು ಟನ್ನಿಗೂ ಮಿಗಿಲು. ಇಂತಹ ಕಾರಿನ ತೂಕವೇ ಸುಮಾರು ಒಂದೂವರೆ ಟನ್ನು. ಚಿಕ್ಕ ಟ್ರೇಲರುಗಳಲ್ಲಿ ಹಲವಕ್ಕೆ ತಮ್ಮದೇ ಆದ ಬ್ರೇಕ್ ಇರುವುದಿಲ್ಲ. ಆಗ ಅಷ್ಟೂ ಭಾರವನ್ನು ನಿಲ್ಲಿಸುವ ಹೊಣೆ ಕಾರಿನ ನಾಲ್ಕು ಚಕ್ರಗಳದ್ದೇ. ಯೂರೋಪಿನ ದೇಶಗಳಲ್ಲಿ ಬ್ರೇಕ್ ಇಲ್ಲದ ಟ್ರೇಲರಿಗೆ ಸಾಮಾನು ಸಹಿತ 750 ಕಿಲೋ ಎಂಬ ಗರಿಷ್ಠ ಮಿತಿಯನ್ನು ಈ ಕಾರಣಕ್ಕಾಗಿಯೇ ಇಟ್ಟಿದ್ದಾರೆ. ವೇಗ ಇಮ್ಮಡಿಯಾದರೆ, ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಮಡಿಯಾಗುತ್ತದೆಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು.

ಭಾರ ಎಷ್ಟೆಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ. ಇದನ್ನು ನಮ್ಮ ಹಿರಿಯರು ಎತ್ತಿನ ಗಾಡಿಯಿಂದಲೇ ಅರಿತಿದ್ದರು. ಗಾಡಿ ಮುಂಭಾರವಾದರೆ ನೊಗವು ಎತ್ತಿನ ಹೆಗಲನ್ನು ಅದುಮುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಭತ್ತದ ಚೀಲ ಹೇರುವ ರೈತನು ಒಂದು ಚೀಲವನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ ನೋಡಿ, ಹೆಗಲಿಗೆ ಹಿತವಾಗುವಷ್ಟು ಮುಂಭಾರವನ್ನು ಮಾತ್ರ ಉಳಿಸುತ್ತಿದ್ದನು. ಕಾರಿನ ಟ್ರೇಲರಿಗೂ ನಿಯಮ ಅದೇ. ಒಟ್ಟು ತೂಕದ ಸುಮಾರು ಹತ್ತನೆಯ ಒಂದು ಭಾಗ ಕೊಂಡಿಯ ಮೇಲೆ ಕೂರಬೇಕು. ಅದಕ್ಕಿಂತ ಬಹಳ ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ಬಹಳ ಕಡಿಮೆಯಾದರೆ ಟ್ರೇಲರ್ ಬಾಲದಂತೆ ಎಡಬಲಕ್ಕೆ ಬೀಸತೊಡಗಿ ಕಾರನ್ನೇ ತನ್ನೊಡನೆ ಎಳೆದಾಡುತ್ತದೆ. ವ್ಯತ್ಯಾಸವಿರುವುದು ಒಂದೇ ಕಡೆ: ಎತ್ತು ತನ್ನ ಸಂಕಟವನ್ನು ಏದುಸಿರಿನಿಂದ ತಿಳಿಸುತ್ತದೆ, ಮಂಡಿಯೂರಿ ನಿಲ್ಲುತ್ತದೆ, ಇಂಜಿನು ಇಳಿಜಾರಿನಲ್ಲಿ ಬ್ರೇಕ್ ಸೋಲುವವರೆಗೂ ಮೌನವಾಗಿ ಎಳೆಯುತ್ತದೆ.

ಇಲ್ಲಿ ಒಂದು ಆಕ್ಷೇಪ ಸಹಜ. ಕಾರು ಅಜೀವ, ಅದಕ್ಕೆ ನೋವಿಲ್ಲ. ನೋವಿಲ್ಲದ ವಸ್ತುವಿನ ಮೇಲೆ ಭಾರ ಹೇರಿದರೆ ಹಿಂಸೆ ಹೇಗಾದೀತು? ಮೇಲುನೋಟಕ್ಕೆ ಇದು ಯುಕ್ತವೆನಿಸುತ್ತದೆ. ಆದರೆ ಪ್ರಮತ್ತಯೋಗದಿಂದ, ಅಂದರೆ ಎಚ್ಚರಗೇಡಿತನದ ನಡೆಯಿಂದ, ಪ್ರಾಣಗಳಿಗೆ ಘಾತವಾಗುವುದೇ ಹಿಂಸೆ ಎಂದು ಅದೇ ತತ್ತ್ವಾರ್ಥಸೂತ್ರ ಹೇಳುತ್ತದೆ. ಇಂಜಿನ್ನಿನ ಮೇಲೆ ಹೇರಿದ ಭಾರ ಇಂಜಿನ್ನಿನಲ್ಲಿಯೇ ನಿಲ್ಲುವುದಿಲ್ಲ. ಅದನ್ನು ಎತ್ತಿಡುವ ಹಮಾಲನ ಸೊಂಟಕ್ಕೂ, ಓಡಿಸುವವನ ಕೈಗಳಿಗೂ, ಎದುರಿನ ಸೈಕಲ್ ಸವಾರನಿಗೂ, ರಸ್ತೆ ದಾಟುವ ನಾಯಿಗೂ ಅದು ಹಂಚಿಹೋಗುತ್ತದೆ. ಸುಗ್ಗಿಯ ದಿನಗಳಲ್ಲಿ ದಾವಣಗೆರೆ ಸುತ್ತಿನ ರಸ್ತೆಗಳಲ್ಲಿ ಕಬ್ಬು, ಮೆಕ್ಕೆಜೋಳ ಹೇರಿಕೊಂಡು ಹಿಂದಿನ ದೀಪವಿಲ್ಲದೆ ಸಾಗುವ ಟ್ರ್ಯಾಕ್ಟರ್ ಟ್ರೇಲರುಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಆ ದಿನ ಅದೇ ಹಾದಿಯ ಅಂಚಿನಲ್ಲಿ ನಡೆಯುವವರು ಯಾರು? ಈರ್ಯಾಸಮಿತಿಯನ್ನು ಪಾಲಿಸುವ ಮುನಿಗಳು ತಮ್ಮ ಮುಂದಿನ ಒಂದು ಯುಗದಷ್ಟು, ಎಂದರೆ ಒಂದು ನೊಗದಷ್ಟು, ನಾಲ್ಕು ಮೊಳದಷ್ಟು ನೆಲವನ್ನು ನೋಡಿಕೊಂಡು ಹೆಜ್ಜೆಯಿಡುತ್ತಾರೆ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಕ್ರಮಿಸುತ್ತದೆ. ನಾಲ್ಕು ಮೊಳದಲ್ಲಿ ಇರುವೆಯನ್ನು ಉಳಿಸುವವರ ಸೇವೆಗೆಂದು ಹೊರಟ ನಾವು, ನಿಲ್ಲಿಸಲಾಗದ ಭಾರವನ್ನು ಅವರ ಬದಿಯಲ್ಲಿಯೇ ಓಡಿಸುವುದು ಎಂತಹ ಸೇವೆ?

ಲೌಕಿಕ ಕಾನೂನು ಕೂಡ ಈ ವಿವೇಕಕ್ಕೆ ಹೊರತಾಗಿಲ್ಲ. ಎಳೆಯುವ ಮತ್ತು ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯಲು ಕೇಂದ್ರ ಸರ್ಕಾರ 1965ರಲ್ಲಿ ಮಾಡಿದ ನಿಯಮಗಳು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸಬಾರದೆನ್ನುತ್ತವೆ. ದೀರ್ಘವಾದ ಕಡಿದು ಏರಿನ ದಾರಿಯಲ್ಲಿ ಭಾರವನ್ನು ಅರ್ಧಕ್ಕೆ ಇಳಿಸಬೇಕೆನ್ನುತ್ತವೆ. 1988ರ ಮೋಟಾರು ವಾಹನ ಕಾಯಿದೆ ಟ್ರೇಲರಿಗೂ ನೋಂದಣಿ ಬೇಕೆಂದು ವಿಧಿಸುತ್ತದೆ. ನೋಂದಣಿ ಪತ್ರದಲ್ಲಿರುವ ಒಟ್ಟು ತೂಕವನ್ನು ಮೀರಕೂಡದೆನ್ನುತ್ತದೆ. 2019ರ ತಿದ್ದುಪಡಿ ಅಧಿಕಭಾರದ ದಂಡವನ್ನು 20,000 ರೂಪಾಯಿಗೆ ಏರಿಸಿ, ಮೀರಿದ ಪ್ರತಿ ಟನ್ನಿಗೆ ಇನ್ನೂ 2,000 ರೂಪಾಯಿ ಸೇರಿಸಿತು. ಆದರೆ ವ್ರತಿಯು ದಂಡಕ್ಕೆ ಹೆದರಿ ಮಿತಿಯಲ್ಲಿರುವವನಲ್ಲ.

ಈ ಸಂದರ್ಭದಲ್ಲಿ ನನ್ನ ಮನಸ್ಸನ್ನು ಬಹಳವಾಗಿ ಹಿಡಿದು ನಿಲ್ಲಿಸಿದ್ದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ. ಅವರು ಅಧಿಕಭಾರವನ್ನು ಎರಡು ಕಡೆ ಹೆಸರಿಸಿದ್ದಾರೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ ಬರುತ್ತದೆ. ಮುಂದೆ ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಹೇಳುವಾಗ ಅತಿವಾಹನ, ಅತಿಸಂಗ್ರಹಗಳೊಂದಿಗೆ ಅತಿಭಾರವಹನವೂ ಬರುತ್ತದೆ. ಒಂದೇ ದೋಷ ಎರಡು ವ್ರತಗಳಲ್ಲಿ ಏಕೆ? ಬೇಕೆಂಬ ಆಸೆಯೇ ಭಾರವಾಗಿ, ಆ ಭಾರವೇ ಇನ್ನೊಂದು ಜೀವದ ಹೆಗಲಿಗೆ ಇಳಿಯುತ್ತದೆಂಬುದನ್ನು ಆಚಾರ್ಯರು ಕಂಡಿದ್ದರೆಂದು ನನಗೆ ತೋರುತ್ತದೆ. ಹಾಗಿದ್ದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಕಾರು ಎಷ್ಟನ್ನು ಎಳೆದೀತು ಎಂಬುದಲ್ಲ. ನಮಗೆ ಎಷ್ಟು ಬೇಕು ಎಂಬುದು. ಪಿಂಛಿ, ಕಮಂಡಲುಗಳೊಡನೆ ನಡೆಯುವ, ದಿನಕ್ಕೊಮ್ಮೆ ನಿಂತು ಕರಪಾತ್ರೆಯಲ್ಲಿ ಆಹಾರ ಸ್ವೀಕರಿಸುವ ತ್ಯಾಗಿಗಳ ಹಿಂದೆ ಒಂದು ಟನ್ ಸಾಮಾನು ಸಾಗುವುದಾದರೆ, ಅದು ಅವರ ಅಗತ್ಯವಲ್ಲ, ನಮ್ಮ ಅನುಕೂಲ.

ಆ ದೃಷ್ಟಿಯಿಂದ ಪಟ್ಟಿಯನ್ನು ಮತ್ತೊಮ್ಮೆ ಓದಿದೆವು. ಡ್ರಮ್ಮಿನ ನೀರು ಪರಿಚಾರಕರ ಸ್ನಾನಕ್ಕೆ, ಪಾತ್ರೆ ತೊಳೆಯುವುದಕ್ಕೆ. ಚೌಕದ ನೀರನ್ನಂತೂ ತಂಗುವ ಊರಿನ ಬಾವಿಯಿಂದಲೇ ಸೇದಿ, ಸೋಸಿ, ಬಟ್ಟೆಯಲ್ಲುಳಿದ ಜೀವಿಗಳನ್ನು ಅದೇ ಬಾವಿಗೆ ಮರಳಿಸುವುದು ನಮ್ಮ ಪದ್ಧತಿ. ಡ್ರಮ್ಮುಗಳು ಹೋದವು, 400 ಕಿಲೋ ಇಳಿಯಿತು. ಹರಿಹರದ ಶ್ರಾವಕರಿಗೆ ಹೇಳಿಕಳುಹಿಸಿದಾಗ ಧಾನ್ಯದ ನಾಲ್ಕು ಚೀಲ, ಸಿಲಿಂಡರು, ಶಾಮಿಯಾನ, ದೊಡ್ಡ ಪಾತ್ರೆಗಳನ್ನು ತಾವೇ ಒದಗಿಸುವುದಾಗಿ ಸಂತೋಷದಿಂದ ಒಪ್ಪಿದರು. ಪಟ್ಟಿಯಲ್ಲಿ ಉಳಿದದ್ದು ಸುಮಾರು 100 ಕಿಲೋ. ಅದು ಮೂವರು ಕೂತ ಕಾರಿನ ಡಿಕ್ಕಿಯಲ್ಲಿಯೇ ಹಿಡಿಯಿತು. ಟ್ರೇಲರಿನ ಠರಾವು ತಾನಾಗಿ ಬಿದ್ದುಹೋಯಿತು. ಹರಿಹರದ ಮನೆಗಳಿಗೆ ಸೇವೆಯ ಪಾಲು ದೊರೆಯಿತು.

ಟ್ರೇಲರ್ ಎಂಬುದೇ ತ್ಯಾಜ್ಯವೆಂದು ನನ್ನ ಅಭಿಪ್ರಾಯವಲ್ಲ. ನಿಜವಾಗಿ ಅವಶ್ಯವಿರುವ ಟ್ರಸ್ಟುಗಳು ಕೊಳ್ಳಲಿ. ಕಾರಿನ ಕೈಪಿಡಿಯಲ್ಲಿ ಎಳೆಯುವ ಭಾರದ ಮಿತಿ ಬರೆದಿದ್ದರೆ ಅದಕ್ಕಿಂತ ಕೆಳಗಿರಲಿ. ಬರೆದಿಲ್ಲದಿದ್ದರೆ ಆ ಕಾರನ್ನು ಎಳೆಯಲು ಬಳಸದಿರಲಿ. ಹೇರಿದ ಮೇಲೆ ವೇಬ್ರಿಜ್ಜಿನಲ್ಲಿ ತೂಗಿಸಲಿ. ಕೊಂಡಿಯೊಡನೆ ಸರಪಳಿ, ಹಿಂದೆ ದೀಪ ಇರಲಿ. ಟ್ರೇಲರಿನಲ್ಲಿ ಮನುಷ್ಯರನ್ನು ಎಂದಿಗೂ ಕೂರಿಸದಿರಲಿ. ಇಳಿಜಾರಿನಲ್ಲಿ ಕೆಳಗಿನ ಗೇರು ಹಾಕಲಿ. ಟ್ರೇಲರ್ ಬೀಸತೊಡಗಿದರೆ ಗಾಬರಿಯಿಂದ ಬ್ರೇಕ್ ಒತ್ತದೆ, ಸ್ಟಿಯರಿಂಗ್ ತಿರುವದೆ, ಆಕ್ಸಿಲರೇಟರಿನಿಂದ ಮೆಲ್ಲನೆ ಕಾಲು ತೆಗೆಯಲಿ. ಇವೆಲ್ಲ ಯಂತ್ರದ ಮಾತುಗಳಂತೆ ಕಂಡರೂ ಅಪ್ರಮಾದದ ಪಾಠಗಳೇ. ಪಾಠಶಾಲೆಯ ಮಕ್ಕಳಿಗೆ ಅತಿಭಾರಾರೋಪಣವನ್ನು ಕಲಿಸುವಾಗ ಎತ್ತಿನ ಚಿತ್ರದ ಪಕ್ಕದಲ್ಲಿ ಕಾರಿನ ಕೊಂಡಿಯ ಚಿತ್ರವನ್ನೂ ಬರೆದು ತೋರಿಸುವುದು ಉಚಿತವೆಂದು ಟ್ರಸ್ಟುಗಳಲ್ಲಿ ನನ್ನ ವಿನಂತಿ.